ಕೋಡಿಂಗ್ ಏಜೆಂಟ್‌ಗಳಿಗೆ ಟೂಲ್ ವಿವರಣೆ

ಸ್ವರೂಪ

ತಂತ್ರಾಂಶ ಬರೆಯುವ, ತಿದ್ದುವ, ಪರೀಕ್ಷಿಸುವ ಕೆಲಸವನ್ನು ಹಂತಹಂತವಾಗಿ ತಾನೇ ನಡೆಸುವ ಕೃತಕ ಬುದ್ಧಿಮತ್ತೆಯ ವ್ಯವಸ್ಥೆಗೆ ಕೋಡಿಂಗ್ ಏಜೆಂಟ್ ಎಂದು ಹೆಸರು. ಅದರೊಳಗಿನ ಭಾಷಾ ಮಾದರಿಯು ಪಠ್ಯವನ್ನಷ್ಟೇ ರಚಿಸುತ್ತದೆ. ಕಡತ ತೆರೆಯಲು, ದತ್ತಾಂಶ ಹುಡುಕಲು ಅದಕ್ಕೆ ಬೇರೆ ಪ್ರೋಗ್ರಾಂಗಳ ನೆರವು ಬೇಕು. ಇವೇ ಟೂಲ್‌ಗಳು. ಒಂದು ಟೂಲ್ ಏನು ಮಾಡುತ್ತದೆ, ಅದನ್ನು ಯಾವಾಗ ಬಳಸಬೇಕು, ಅದಕ್ಕೆ ಏನು ಕೊಡಬೇಕು, ಅದರಿಂದ ಏನು ಬರುತ್ತದೆ ಎಂಬುದನ್ನು ತಿಳಿಸುವ ಕಿರುಬರಹವೇ ಟೂಲ್ ವಿವರಣೆ.

ಕಾರ್ಯವಿಧಾನ

ಪ್ರತಿ ಟೂಲ್‌ನ ಹೆಸರು, ವಿವರಣೆ ಮತ್ತು ಪ್ಯಾರಾಮೀಟರ್‌ಗಳ, ಅಂದರೆ ಅದಕ್ಕೆ ಕೊಡಬೇಕಾದ ಮಾಹಿತಿಯ, ಪಟ್ಟಿ ಭಾಷಾ ಮಾದರಿಗೆ ತಲುಪುತ್ತವೆ. ಮಾದರಿಯು ಸೂಕ್ತ ಟೂಲನ್ನು ಆರಿಸಿ, ಸಾಮಾನ್ಯವಾಗಿ ಜೇಸನ್ (JSON) ಎಂಬ ದತ್ತಾಂಶ ವಿನ್ಯಾಸದಲ್ಲಿ, ಅದಕ್ಕೊಂದು ಕರೆ ಬರೆಯುತ್ತದೆ. ಹೊರಗಿನ ತಂತ್ರಾಂಶ ಆ ಕರೆಯನ್ನು ನಡೆಸಿ ಫಲಿತಾಂಶವನ್ನು ಮಾದರಿಗೆ ಮರಳಿಸುತ್ತದೆ. ಆಂಥ್ರೊಪಿಕ್ ಸಂಸ್ಥೆ 2024ರ ನವೆಂಬರ್‌ನಲ್ಲಿ ಪ್ರಕಟಿಸಿದ ಮಾಡೆಲ್ ಕಾಂಟೆಕ್ಸ್ಟ್ ಪ್ರೊಟೊಕಾಲ್ ಈ ವಿನಿಮಯಕ್ಕೆ ಮುಕ್ತ ಮಾನದಂಡವೊಂದನ್ನು ಒದಗಿಸಿತು.

ಟೂಲ್‌ನ ಒಳಗಿನ ಕೋಡ್ ಸಾಮಾನ್ಯವಾಗಿ ಮಾದರಿಗೆ ಕಾಣುವುದಿಲ್ಲ. ವಿವರಣೆಯಲ್ಲಿ ಬಿಟ್ಟುಹೋದದ್ದನ್ನು ಅದು ಊಹೆಯಿಂದ ತುಂಬಿಕೊಳ್ಳುತ್ತದೆ. ಊಹೆ ತಪ್ಪಿದರೂ ಕರೆ ನಡೆದುಬಿಡಬಹುದು, ಉತ್ತರವೂ ಬರಬಹುದು. ಆದಕಾರಣ ಈ ಬಗೆಯ ತಪ್ಪನ್ನು ಪತ್ತೆಹಚ್ಚುವುದು ಕಷ್ಟ.

ರೇಷ್ಮೆಗೂಡಿನ ದರ

ಇದಕ್ಕೊಂದು ಉದಾಹರಣೆ ನೋಡೋಣ. ರಾಮನಗರದ ಸರ್ಕಾರಿ ರೇಷ್ಮೆಗೂಡಿನ ಮಾರುಕಟ್ಟೆ ಏಷ್ಯಾದಲ್ಲೇ ಅತಿ ದೊಡ್ಡದೆಂದು ಹೆಸರಾಗಿದೆ. ರೈತರು ತಂದ ಗೂಡು ಲಾಟುಗಳಾಗಿ ಇ-ಹರಾಜಿಗೆ ಬರುತ್ತದೆ, ಗೂಡಿನಿಂದ ನೂಲು ತೆಗೆಯುವ ರೀಲರ್‌ಗಳು ಕೊಳ್ಳುತ್ತಾರೆ. ಈ ಹರಾಜಿನ ದರಗಳನ್ನು ತೋರಿಸುವ ತಂತ್ರಾಂಶವನ್ನು ಏಜೆಂಟ್ ಸಿದ್ಧಪಡಿಸುತ್ತಿದೆ ಎಂದು ಭಾವಿಸೋಣ. ಅದಕ್ಕೆ ಕೊಟ್ಟ ಟೂಲ್‌ನ ವಿವರಣೆ ‘ಗೂಡಿನ ದರ ಕೊಡುತ್ತದೆ’ ಎಂದಷ್ಟೇ ಇದ್ದರೆ ದರ ಕಿಲೋಗೋ ಲಾಟಿಗೋ, ಗೂಡು ಮಿಶ್ರತಳಿಯೋ ದ್ವಿತಳಿಯೋ, ಅಂಕಿ ಸರಾಸರಿಯೋ ಗರಿಷ್ಠವೋ ತಿಳಿಯದು. ಮಾರುಕಟ್ಟೆಯ ಅಂಗಳದಲ್ಲಿ ನಿಂತ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಏಜೆಂಟ್‌ಗೆ ಹೇಳಲೇಬೇಕು. ಅದೇ ಟೂಲ್‌ಗೆ ತಕ್ಕ ವಿವರಣೆ ಹೀಗಿರಬಹುದು:

‘ರೇಷ್ಮೆಗೂಡಿನ ಒಂದು ದಿನದ ಹರಾಜಿನ ಕನಿಷ್ಠ, ಗರಿಷ್ಠ, ಸರಾಸರಿ ದರವನ್ನು ಕಿಲೋಗೆ ರೂಪಾಯಿಗಳಲ್ಲಿ ಮರಳಿಸುತ್ತದೆ. ತಳಿ: ಮಿಶ್ರತಳಿ ಅಥವಾ ದ್ವಿತಳಿ. ದಿನಾಂಕ: ವರ್ಷ-ತಿಂಗಳು-ದಿನ. ಮಾರುಕಟ್ಟೆ: ಪಟ್ಟಣದ ಹೆಸರು ಕೊಡಿ, ಜಿಲ್ಲೆಯದಲ್ಲ. ಹರಾಜು ನಡೆಯದ ದಿನ ಖಾಲಿ ಪಟ್ಟಿ ಬರುತ್ತದೆ. ಅದು ದೋಷವಲ್ಲ, ದರ ಸೊನ್ನೆ ಎಂದೂ ಅಲ್ಲ. ರೇಷ್ಮೆ ನೂಲಿನ ದರಕ್ಕೆ ಇದನ್ನು ಬಳಸಬೇಡಿ.’

ಇದರಲ್ಲಿ ಕೊನೆಯ ಎರಡು ವಾಕ್ಯಗಳೇ ಅತ್ಯಂತ ಬೆಲೆಯುಳ್ಳವು. ರಜೆಯ ದಿನವನ್ನು ಸೊನ್ನೆ ಎಂದು ಎಣಿಸಿದರೆ ಇಡೀ ತಿಂಗಳ ಸರಾಸರಿ ಕುಸಿಯುತ್ತದೆ. ಟೂಲ್ ಏನು ಮಾಡುತ್ತದೆಂದು ಎಲ್ಲರೂ ಬರೆಯುತ್ತಾರೆ. ಏನು ಮಾಡುವುದಿಲ್ಲ ಎಂಬುದನ್ನು ಬರೆಯುವವರು ಕಡಿಮೆ.

ಸ್ಥಳನಾಮದ ತೊಡಕು

ಪಟ್ಟಣದ ಹೆಸರನ್ನೇ ಕೇಳಲು ಬಲವಾದ ಕಾರಣವಿದೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳು 1986ರಲ್ಲಿ ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ ಸೇರಿದವು. 2007ರಲ್ಲಿ ರಾಮನಗರ ಪ್ರತ್ಯೇಕ ಜಿಲ್ಲೆಯಾಯಿತು. 2025ರಲ್ಲಿ ರಾಜ್ಯ ಸರ್ಕಾರ ಅದಕ್ಕೆ ಬೆಂಗಳೂರು ದಕ್ಷಿಣ ಎಂದು ಹೆಸರಿಟ್ಟಿತು. ಆದರೆ ಬೆಂಗಳೂರು ದಕ್ಷಿಣ ಎಂಬ ಲೋಕಸಭಾ ಕ್ಷೇತ್ರವೂ ಇದೆ. ಈ ನಾಲ್ಕು ತಾಲ್ಲೂಕುಗಳ ಪೈಕಿ ಒಂದೂ ಅದರಲ್ಲಿಲ್ಲ. ಈ ಹೆಸರಿನ ನಾಲ್ಕೂ ವಿಧಾನಸಭಾ ಕ್ಷೇತ್ರಗಳು ಬೆಂಗಳೂರು ಗ್ರಾಮಾಂತರ ಲೋಕಸಭಾ ಕ್ಷೇತ್ರದಲ್ಲಿವೆ. ಇದರ ಮೇಲೆ, ಬೆಂಗಳೂರು ನಗರ ಜಿಲ್ಲೆಯಲ್ಲೂ ಬೆಂಗಳೂರು ದಕ್ಷಿಣ ಎಂಬ ತಾಲ್ಲೂಕಿದೆ. ‘ಜಿಲ್ಲೆ’ ಎಂಬ ಪ್ಯಾರಾಮೀಟರ್‌ಗೆ ವಿವರಣೆಯಿಲ್ಲದಿದ್ದರೆ ಏಜೆಂಟ್ ಇವುಗಳಲ್ಲಿ ಯಾವುದನ್ನಾದರೂ ಹಿಡಿಯಬಹುದು.

ಪಟ್ಟಣದ ಹೆಸರೂ ಎಲ್ಲ ಕಡೆ ಸಾಲದು. ಪಕ್ಷಿಧಾಮಕ್ಕೆ ಹೆಸರಾದ ಇನ್ನೊಂದು ಮಾಗಡಿ ಗದಗ ಜಿಲ್ಲೆಯಲ್ಲಿದೆ. ಮಾಗಡಿ ರಸ್ತೆ, ಕನಕಪುರ ರಸ್ತೆ ಬೆಂಗಳೂರಿನ ಬಡಾವಣೆಗಳ ವಿಳಾಸಗಳಲ್ಲೂ ಬರುತ್ತವೆ. ರಾಜ್ಯವ್ಯಾಪಿ ದತ್ತಾಂಶಕ್ಕೆ ಕೇಂದ್ರ ಸರ್ಕಾರದ ಲೋಕಲ್ ಗವರ್ನಮೆಂಟ್ ಡೈರೆಕ್ಟರಿಯ ಸಂಕೇತಸಂಖ್ಯೆಯನ್ನು ಕೇಳುವುದು ಹೆಚ್ಚು ಭದ್ರ. ಅಲ್ಲಿ ಪ್ರತಿ ಜಿಲ್ಲೆ, ತಾಲ್ಲೂಕು, ಗ್ರಾಮಕ್ಕೂ ಬೇರೆ ಸಂಖ್ಯೆಯಿದೆ.

ಉಪಯೋಗ ಮತ್ತು ಎಚ್ಚರಿಕೆ

ದತ್ತಾಂಶ ಹುಡುಕಾಟ, ಕೋಡ್ ತಿದ್ದುಪಡಿ, ಪರೀಕ್ಷೆಗಳ ಚಾಲನೆ ಎಲ್ಲಕ್ಕೂ ಟೂಲ್ ವಿವರಣೆ ಬೇಕು. ಕಡತ ಅಳಿಸುವ ಟೂಲ್‌ನ ವಿವರಣೆಯಲ್ಲಿ ಕ್ರಿಯೆಯನ್ನು ಹಿಂದೆಗೆಯಲಾಗದು ಎಂಬುದನ್ನು ಮೊದಲ ವಾಕ್ಯದಲ್ಲೇ ಹೇಳುವುದು ಕ್ಷೇಮ. ವಿವರಣೆಗಳೆಲ್ಲ ಮಾದರಿಯ ಸೀಮಿತ ಪಠ್ಯಾವಕಾಶದಲ್ಲಿ ಜಾಗ ಹಿಡಿಯುವುದರಿಂದ ಅನಗತ್ಯ ವಿಸ್ತಾರ ಸಲ್ಲದು. ಅಪರಿಚಿತ ಮೂಲದ ವಿವರಣೆಯಲ್ಲಿ ದುರುದ್ದೇಶದ ಆದೇಶಗಳು ಅಡಗಿರಬಹುದು. ಏಜೆಂಟ್‌ಗೆ ಒಪ್ಪಿಸುವ ಮೊದಲು ಅದನ್ನು ಮನುಷ್ಯರು ಪೂರ್ತಿ ಓದಬೇಕು. ವಿವರಣೆ ಬದಲಿಸಿದಾಗಲೆಲ್ಲ ಹಿಂದಿನ ಪ್ರಶ್ನೆಗಳನ್ನೇ ಮತ್ತೆ ಕೊಟ್ಟು, ಏಜೆಂಟ್ ಯಾವ ಟೂಲನ್ನು ಯಾವ ಮಾಹಿತಿಯೊಡನೆ ಕರೆಯಿತೆಂದು ದಾಖಲೆಯಲ್ಲಿ ನೋಡಬೇಕು.