ಹಗೇವಿನಿಂದ ಸಂತೆಗೆ

ನಮ್ಮ ಗೊಟಗೋಡಿ ಮನೆಯ ಮುಂದಿನ ಹಗೇವು ನಾನು ಹುಟ್ಟುವ ಮೊದಲೇ ಮುಚ್ಚಿತ್ತು. ನೆಲದೊಳಗಿನ ಆ ಕಣಜಕ್ಕೆ ಜೋಳ ತುಂಬಿ ಬಾಯಿಗೆ ಕಲ್ಲು, ಮಣ್ಣು ಹಾಕಿದರೆ ವರ್ಷಗಟ್ಟಲೆ ಕೆಡುತ್ತಿರಲಿಲ್ಲವೆಂದು ಅಜ್ಜಿ ಹೇಳುತ್ತಿದ್ದಳು. ತೆರೆದ ಕೂಡಲೇ ಯಾರೂ ಒಳಗಿಳಿಯುತ್ತಿರಲಿಲ್ಲ. ವಿಷಗಾಳಿ ಹೋಗಲೆಂದು ಕಾಯುತ್ತಿದ್ದರು.

ಮಾರುವ ಬೆಳೆ ನಮಗೆ ಹೊಸದಲ್ಲ. 1861–65ರ ಅಮೆರಿಕದ ಅಂತರ್ಯುದ್ಧದಿಂದ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ಸಿಗದಾದಾಗ ಧಾರವಾಡ ಸೀಮೆಯ ಹತ್ತಿಗೆ ಬೆಲೆ ಏರಿತು. ಚಕ್ಕಡಿಗಳಲ್ಲಿ ಘಟ್ಟ ಇಳಿದು ಕುಮಟಾ ಬಂದರಿಗೆ ಹೋಗುತ್ತಿದ್ದುದರಿಂದ ಅದಕ್ಕೆ 'ಕುಮಟಾ ಹತ್ತಿ' ಎಂದೇ ಹೆಸರು. ಆದರೂ ಒಂದು ವರ್ಷ ಹತ್ತಿ ಬೆಳೆದ ಹೊಲಕ್ಕೆ ಮರುವರ್ಷ ಜೋಳ ಬರುತ್ತಿತ್ತು. ಕಾಳು ಹಗೇವಿಗೆ, ಕಣಿಕೆ ಎತ್ತಿಗೆ.

ಆ ಸರದಿ ತಪ್ಪಿದ್ದು ಹೆಚ್ಚುಕಡಿಮೆ ನಮ್ಮ ಶಾಲೆಯ ಈ ಐವತ್ತು ವರ್ಷಗಳಲ್ಲಿ. 1972ರಲ್ಲಿ ಧಾರವಾಡದಿಂದ ವರಲಕ್ಷ್ಮಿ ಹೈಬ್ರಿಡ್ ಹತ್ತಿ ಬಂತು. ಪ್ರತಿ ವರ್ಷ ಬೀಜ ಕೊಳ್ಳಬೇಕು, ಗೊಬ್ಬರ, ಎಣ್ಣೆ ಹೊಡೆಯುವ ಖರ್ಚು ಬೇರೆ. 2002ರಲ್ಲಿ ಬಿ.ಟಿ. ಹತ್ತಿಗೆ ಅನುಮತಿ ಸಿಕ್ಕಿತು. ಆಮೇಲೆ ಕೋಳಿ ಆಹಾರಕ್ಕೂ ಸ್ಟಾರ್ಚ್ ಕಾರ್ಖಾನೆಗೂ ಹೋಗುವ ಗೋವಿನಜೋಳ ಹೊಲಗಳನ್ನು ತುಂಬಿತು. ಕಣಿಕೆ ಕಡಿಮೆಯಾಯಿತು, ಎತ್ತೂ ಕಡಿಮೆಯಾದವು. ಹೆದ್ದಾರಿ ಪಕ್ಕದ ಉತ್ಸವ ರಾಕ್ ಗಾರ್ಡನ್ನಿನಲ್ಲಿ ಮಾತ್ರ ಸಿಮೆಂಟಿನ ಎತ್ತುಗಳು ಮೈತುಂಬಿಕೊಂಡು ನಿಂತಿವೆ.

ಒಮ್ಮೆ ಎಕ್ಸೆಲ್‌ನಲ್ಲಿ ಲೆಕ್ಕ ಹಾಕಿ, ಮನೆಗಾಗುವಷ್ಟಾದರೂ ಜೋಳ ಬಿತ್ತೋಣವೆಂದು ಅಪ್ಪನಿಗೆ ಹೇಳಿದೆ. "ಹಕ್ಕಿ ಕಾಯಾಕ ನೀ ಬೆಂಗಳೂರಿಂದ ಬರ್ತೀಯೇನು?" ಎಂದರು. ಆ ಕೂಲಿಯ ಕಾಲಮ್ಮು ನನ್ನ ಲೆಕ್ಕದಲ್ಲಿರಲಿಲ್ಲ. ಈಗಲೂ ಅಪ್ಪ ಗೋವಿನಜೋಳ ಮಾರಿದ ದುಡ್ಡಿನಲ್ಲಿ ರೊಟ್ಟಿಗೆ ಬೇಕಾದ ಜೋಳವನ್ನು ಸಂತೆಯಿಂದ ತರುತ್ತಾರೆ.