ವಸೂಲಿಗೆ ಹೋಗಿದ್ದ ಶೆರೀಫ್: ಲಿಂಕನ್ ಕೌಂಟಿಯ ಪ್ಯಾಟ್ ಗ್ಯಾರೆಟ್

1881ರ ಏಪ್ರಿಲ್ 28ರಂದು ನ್ಯೂ ಮೆಕ್ಸಿಕೋ ಪ್ರಾಂತ್ಯದ ಲಿಂಕನ್ ಊರಿನಲ್ಲಿ, ಗಲ್ಲಿನ ದಿನ ನಿಗದಿಯಾಗಿದ್ದ ಬಿಲ್ಲಿ ದ ಕಿಡ್ ಇಬ್ಬರು ಕಾವಲಿನವರನ್ನು ಕೊಂದು ತಪ್ಪಿಸಿಕೊಂಡ. ಶೆರೀಫ್ ಪ್ಯಾಟ್ ಗ್ಯಾರೆಟ್ ಆಗ ಊರಿನಲ್ಲಿರಲಿಲ್ಲ. ಗಣಿಯೂರು ವೈಟ್ ಓಕ್ಸ್‌ಗೆ ತೆರಿಗೆ ವಸೂಲಿಗೆ ಹೋಗಿದ್ದ. ಗ್ಯಾರೆಟ್‌ನ ಕಥೆ ಹೇಳುವವರು ಈ ಸಂಗತಿಯನ್ನು ಒಂದು ಮಾತಿನಲ್ಲಿ ಮುಗಿಸಿ ಬಂದೂಕಿನ ಕಡೆ ಹೊರಳುವುದೇ ಹೆಚ್ಚು. ನನಗಾದರೋ ಆ ಕಾಲದ ಶೆರೀಫನ ಬದುಕು ತಿಳಿಯಲು ಇದಕ್ಕಿಂತ ಒಳ್ಳೆಯ ಸಾಕ್ಷ್ಯ ಬೇರೆ ಕಾಣದು.

ಆಗಿನ ಶೆರೀಫ್ ಎಂದರೆ ಕೌಂಟಿಯ ಮತದಾರರು ಎರಡು ವರ್ಷಕ್ಕೆ ಆರಿಸಿದ ಅಧಿಕಾರಿ. ಸಮನ್ಸು ಜಾರಿ, ಆಸ್ತಿ ಜಪ್ತಿ, ಸೆರೆಮನೆಯ ಉಸ್ತುವಾರಿ, ಕಂದಾಯದ ವಸೂಲಿ, ಕೊನೆಗೆ ಗಲ್ಲಿಗೇರಿಸುವ ಕೆಲಸವೂ ಅವನದೇ. ಇದರಲ್ಲಿ ಜಪ್ತಿಯೇ ಎಲ್ಲಕ್ಕಿಂತ ಅಪಾಯದ್ದಾಗಿತ್ತೆಂದು ತೋರುತ್ತದೆ. 1878ರ ಫೆಬ್ರವರಿಯಲ್ಲಿ ಅಂದಿನ ಶೆರೀಫ್ ವಿಲಿಯಂ ಬ್ರಾಡಿ ವಕೀಲ ಮ್ಯಾಕ್‌ಸ್ವೀನ್‌ನ ಮೇಲಿನ ಜಪ್ತಿ ಆದೇಶವನ್ನು ಅವನ ಜೊತೆಗಾರ, ಇಂಗ್ಲಿಷ್ ವರ್ತಕ ಜಾನ್ ಟನ್‌ಸ್ಟಾಲ್‌ನ ಸ್ವತ್ತಿಗೂ ಹಚ್ಚಿದ. ಜಪ್ತಿಗೆ ಹೊರಟ ತಂಡದವರು 18ರಂದು ಟನ್‌ಸ್ಟಾಲ್‌ನನ್ನೇ ಕೊಂದರು. ಏಪ್ರಿಲ್ 1ರಂದು ಬ್ರಾಡಿ ಲಿಂಕನ್ನಿನ ಬೀದಿಯಲ್ಲಿ ಹೆಣವಾದ. ಬಿಲ್ಲಿಗೆ ಗಲ್ಲು ವಿಧಿಸಿದ್ದು ಈ ಕೊಲೆಗಾಗಿಯೇ. ಅಂಗಡಿಕಾರರ ಸಾಲದ ಜಗಳ ಕೌಂಟಿಯನ್ನೇ ಸುಟ್ಟ ಬಗೆ ಇದು.

ಗ್ಯಾರೆಟ್ ಹುಟ್ಟಿದ್ದು 1850ರಲ್ಲಿ, ಅಲಬಾಮಾದಲ್ಲಿ. ಬೆಳೆದದ್ದು ಲೂಸಿಯಾನಾದಲ್ಲಿ, ಟೆಕ್ಸಾಸ್‌ನಲ್ಲಿ ಕಾಡೆಮ್ಮೆ ಬೇಟೆಯಾಡಿ ಫೋರ್ಟ್ ಸಮ್ನರ್‌ಗೆ ಬಂದವನು. 1880ರ ನವೆಂಬರ್ ಚುನಾವಣೆಯಲ್ಲಿ ಜಾರ್ಜ್ ಕಿಂಬಲ್‌ನನ್ನು ಸೋಲಿಸಿದ. ಅಧಿಕಾರ ಕೈಗೆ ಬರುವ ಮುನ್ನವೇ, ಡಿಸೆಂಬರಿನ ಹಿಮದಲ್ಲಿ, ಸ್ಟಿಂಕಿಂಗ್ ಸ್ಪ್ರಿಂಗ್ಸ್ ಎಂಬಲ್ಲಿ ಬಿಲ್ಲಿಯನ್ನು ಹಿಡಿದ.

ಹಿಡಿದವನನ್ನು ಇಡಲು ಕೌಂಟಿಗೆ ಭದ್ರವಾದ ಸೆರೆಮನೆ ಇರಲಿಲ್ಲ. ಮರ್ಫಿ–ಡೋಲನ್ ವರ್ತಕರ ಹಳೆಯ ಅಂಗಡಿಯನ್ನು ಕೋರ್ಟ್ ಮಾಡಿಕೊಂಡಿದ್ದರು. ಅದರ ಮಹಡಿಯ ಕೋಣೆಯೇ ಕೈದಿಯ ಕೋಣೆ. ಏಪ್ರಿಲ್ 28ರಂದು ಕಾವಲಿನ ಇಬ್ಬರಲ್ಲಿ ಓಲಿಂಜರ್ ಎಂಬವನು ಉಳಿದ ಕೈದಿಗಳನ್ನು ಊಟಕ್ಕೆಂದು ಎದುರಿನ ಹೋಟೆಲ್ಲಿಗೆ ಕರೆದೊಯ್ದಿದ್ದಾಗ ಬಿಲ್ಲಿ ಇನ್ನೊಬ್ಬ ಕಾವಲಿನವ ಬೆಲ್‌ನನ್ನು ಕೊಂದ. ಸದ್ದು ಕೇಳಿ ಓಡಿಬಂದ ಓಲಿಂಜರ್‌ನನ್ನು ಅವನದೇ ಬಂದೂಕಿನಿಂದ ಮುಗಿಸಿದ. ಹೊಣೆ ಗ್ಯಾರೆಟ್‌ನ ಮೇಲೆ ಬಿತ್ತು. ಆದರೆ ಬಡ ಕೌಂಟಿಯೊಂದು ಒಬ್ಬನೇ ಮನುಷ್ಯನಿಂದ ಕಾವಲನ್ನೂ ಕಂದಾಯವನ್ನೂ ಮಾಡಿಸುತ್ತಿದ್ದುದನ್ನು ಮರೆತು ಅವನನ್ನು ತೂಗುವುದು ನ್ಯಾಯವಲ್ಲ.

ಜುಲೈ 14ರ ರಾತ್ರಿ ಫೋರ್ಟ್ ಸಮ್ನರ್‌ನಲ್ಲಿ, ಪೀಟ್ ಮ್ಯಾಕ್ಸ್‌ವೆಲ್‌ನ ಕತ್ತಲ ಕೋಣೆಯಲ್ಲಿ, ಗ್ಯಾರೆಟ್ ಬಿಲ್ಲಿಯನ್ನು ಕೊಂದ. ಸಾರಿದ್ದ 500 ಡಾಲರ್ ಬಹುಮಾನ ಕೂಡಲೇ ಸಿಗಲಿಲ್ಲ. 1882ರಲ್ಲಿ ಪ್ರಾಂತೀಯ ಶಾಸನಸಭೆಯೇ ಮಂಜೂರು ಮಾಡಬೇಕಾಯಿತು.

1896ರಲ್ಲಿ ವಕೀಲ ಫೌಂಟನ್ ಎಂಟು ವರ್ಷದ ಮಗನೊಡನೆ ಕಾಣೆಯಾದ ಮೇಲೆ ಡೋನ್ಯಾ ಆನಾ ಕೌಂಟಿ ಗ್ಯಾರೆಟ್‌ನನ್ನು ಕರೆಸಿ ಶೆರೀಫ್ ಮಾಡಿತು. ಆ ಪ್ರಕರಣದ ಆರೋಪಿಗಳು 1899ರಲ್ಲಿ ಬಿಡುಗಡೆಯಾದರು. 1901ರಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಎಲ್ ಪಾಸೋದ ಸುಂಕದ ಹುದ್ದೆ ಕೊಟ್ಟ; ನಾಲ್ಕು ವರ್ಷಕ್ಕೆ ಅದೂ ಕೈತಪ್ಪಿತು. ಆಮೇಲೆ ಅಡವಿಟ್ಟ ಜಮೀನು, ತೀರದ ಸಾಲ. ಕೌಂಟಿಯವರು ಬಂದು ಹಳೆಯ ಶೆರೀಫನ ಸ್ವತ್ತನ್ನೇ ಹರಾಜು ಹಾಕಿದರು. ತನ್ನ ಜಮೀನಿನಲ್ಲಿ ಬೇರೊಬ್ಬನ ಮೇಕೆಗಳು ಮೇಯುತ್ತಿದ್ದ ಜಗಳವನ್ನು ಬಗೆಹರಿಸಲು ಲಾಸ್ ಕ್ರೂಸಸ್‌ಗೆ ಹೊರಟಿದ್ದ ಗ್ಯಾರೆಟ್ 1908ರ ಫೆಬ್ರವರಿ 29ರಂದು ದಾರಿಯಲ್ಲಿಯೇ ಗುಂಡೇಟಿಗೆ ಬಿದ್ದ.