ಮದುವೆ ಮನೆಯ ಕೊಳಗ

ಬೆಂಗಳೂರಿನಿಂದ ಟೀಮಿನವರು ಬಂದಾಗಲೆಲ್ಲ ಚಾಮುಂಡಿ ಬೆಟ್ಟಕ್ಕೆ ಕರ್ಕೊಂಡು ಹೋಗೋದು ನನ್ನ ಡ್ಯೂಟಿ. ದರ್ಶನ ಮುಗಿಸಿ ಊರು ಕಾಣುವ ಕಡೆ ನಿಂತರೆ ಪ್ರಶ್ನೆ ಶುರು. ಅರಮನೆ ಎಲ್ಲಿ? ಆ ಬಿಳಿ ಕಟ್ಟಡ ಯಾವುದು? ಹೋದ ಸಲ ಒಬ್ಬ ದೂರದಲ್ಲಿ ಹಸಿರಿನ ನಡುವೆ ಹೊಳೆಯುತ್ತಿದ್ದ ನೀರು ತೋರಿಸಿದ. ಅದು ಕುಕ್ಕರಹಳ್ಳಿ ಕೆರೆ, ಅದರಾಚೆ ಮಾನಸಗಂಗೋತ್ರಿ, ಅಲ್ಲೊಂದು ದೊಡ್ಡ ಮ್ಯೂಸಿಯಂ ಇದೆ ಅಂದೆ. "ರಾಜರದ್ದಾ?" ಅಂದ. ಹೌದು ಅಂತಲೂ ಹೇಳಬಹುದು, ಅಲ್ಲ ಅಂತಲೂ. ಸರಿಯಾದ ಉತ್ತರ ಹುಡುಕೋಕೆ ಹೋಗಿ ನಾಲ್ಕು ವೀಕೆಂಡ್ ಹಳೆಯ ದಾಖಲೆಗಳ ಮುಂದೆ ಕಳೆದೆ.

ಕಥೆ ಶುರುವಾಗೋದು 1897ರ ಒಂದು ಮದುವೆಯಿಂದ. ಹತ್ತನೇ ಚಾಮರಾಜ ಒಡೆಯರ್ 1894ರಲ್ಲೇ ತೀರಿಕೊಂಡಿದ್ದರು. ನಾಲ್ವಡಿ ಕೃಷ್ಣರಾಜ ಒಡೆಯರ್ ಇನ್ನೂ ಹುಡುಗ, ತಾಯಿ ವಾಣಿವಿಲಾಸ ಸನ್ನಿಧಾನದವರೇ ರೀಜೆಂಟ್. ಹಿರಿಯ ಮಗಳು ಜಯಲಕ್ಷ್ಮಮ್ಮಣ್ಣಿಯ ಮದುವೆ ನಡೆಯುತ್ತಿದ್ದಾಗ ಮರದ ಹಳೆಯ ಅರಮನೆಗೆ ಬೆಂಕಿ ಬಿತ್ತು. ಹೆನ್ರಿ ಇರ್ವಿನ್ ವಿನ್ಯಾಸದ ಹೊಸ ಅರಮನೆ 1912ರಲ್ಲಿ ಮುಗೀತು. ಇಷ್ಟು ಕಥೆ ಎಲ್ಲ ಗೈಡುಗಳಿಗೂ ಬಾಯಿಪಾಠ. ಮದುಮಗಳು ಏನಾದಳು ಅಂತ ಮಾತ್ರ ಯಾರೂ ಹೇಳೋದಿಲ್ಲ.

ಆಕೆಗಾಗಿ 1905ರಲ್ಲಿ ಎದ್ದದ್ದೇ ಜಯಲಕ್ಷ್ಮಿ ವಿಲಾಸ. ಗಂಡ ಕಾಂತರಾಜ ಅರಸರು ಮುಂದೆ ವಿಶ್ವೇಶ್ವರಯ್ಯನವರ ನಂತರ ದಿವಾನರಾದರು. 1959ರಲ್ಲಿ, ಕುವೆಂಪು ಉಪಕುಲಪತಿಯಾಗಿದ್ದಾಗ, ಮೈಸೂರು ವಿಶ್ವವಿದ್ಯಾನಿಲಯ ಈ ಬಂಗಲೆಯನ್ನು 10 ಲಕ್ಷ ರೂಪಾಯಿಗೆ ಕೊಂಡಿತು. 1968ರಲ್ಲಿ ಜಾನಪದ ವಸ್ತು ಸಂಗ್ರಹಾಲಯ ಹುಟ್ಟಿತು. ದೇಜಗೌ ಬೆನ್ನಿಗಿದ್ದರು. ಚಿತ್ರಕಾರ ಪಿ.ಆರ್. ತಿಪ್ಪೇಸ್ವಾಮಿ ಮತ್ತು ಜೀಶಂಪ ಹಳ್ಳಿ ಹಳ್ಳಿ ತಿರುಗಿ ಸಾಮಾನು ತಂದರು. ರಾಜಕುಮಾರಿಯ ಮನೆಗೆ ನೇಗಿಲು, ಬೀಸೋಕಲ್ಲು, ಸೋಮನ ಮುಖ, ತೊಗಲುಗೊಂಬೆ ಬಂದು ಕೂತವು. ಈಗ ಸಂಗ್ರಹ 6,500 ದಾಟಿದೆ.

ಕಟ್ಟಡದ ಇತಿಹಾಸ ಹುಡುಕೋದು ಸುಲಭ. ಯಾರಿಗಾಗಿ ಕಟ್ಟಿದ್ದು, ಎಷ್ಟಕ್ಕೆ ಮಾರಿದ್ದು, ಎಲ್ಲಕ್ಕೂ ಕಾಗದ ಉಂಟು. ಒಳಗಿರೋ ಸಾಮಾನಿನದ್ದೇ ಕಷ್ಟ. ನೇಗಿಲು ಕೆತ್ತಿದ ಆಚಾರಿ ಯಾವ ಕಾಗದಕ್ಕೆ ಸಹಿ ಹಾಕಿದ್ದ, ಹೇಳಿ? ಸಾಫ್ಟ್‌ವೇರ್‌ನವರ ಭಾಷೇಲಿ, ಡೇಟಾ ಇದೆ, ಮೆಟಾಡೇಟಾ ಇಲ್ಲ.

ನಾನು ತುಂಬ ಹೊತ್ತು ನಿಂತದ್ದು ಅಳತೆಯ ಸಾಮಾನುಗಳ ಮುಂದೆ: ಪಾವು, ಸೇರು, ಕೊಳಗ. 1956ರ ಕಾಯ್ದೆ ದೇಶಕ್ಕೆ ಮೆಟ್ರಿಕ್ ಅಳತೆ ತಂತು. 60ರ ದಶಕದಲ್ಲಿ ಕಿಲೋ, ಲೀಟರು ಅಂಗಡಿಗಳಿಗೆ ಬಂದು ಕೂತವು. ಅಂದರೆ ತಿಪ್ಪೇಸ್ವಾಮಿಯವರು ಹಳ್ಳಿಗಳಲ್ಲಿ ತಿರುಗುತ್ತಿದ್ದಾಗ ಸೇರು, ಕೊಳಗಗಳು ಆಗಷ್ಟೇ ಕೆಲಸ ಕಳ್ಕೊಂಡು ಅಟ್ಟ ಸೇರುತ್ತಿದ್ದವು. ಇನ್ನು ಹತ್ತು ವರ್ಷ ತಡವಾಗಿದ್ದರೆ ಎಷ್ಟೋ ಕೊಳಗ ಒಲೆ ಪಾಲಾಗಿರೋದು.

ನಮ್ಮ ಮನೆ ಕೊಳಗ ಒಲೆಗೂ ಹೋಗಲಿಲ್ಲ. ನನಗೆ ಕೆಲಸ ಸಿಕ್ಕ ಮೇಲೆ ಹೆಂಚಿನ ಮನೆ ಕೆಡವಿ ಆರ್‌ಸಿಸಿ ಹಾಕಿಸಿದೆವು. ಆಗ ಅಟ್ಟದಲ್ಲಿದ್ದದ್ದನ್ನೆಲ್ಲ ಗುಜರಿಯವನಿಗೆ ಕೊಟ್ಟವನು ನಾನೇ. ಕೊಳಗಕ್ಕೆ ಹಿತ್ತಾಳೆ ಪಟ್ಟಿ ಇತ್ತು, ಅದಕ್ಕೆ ಒಳ್ಳೆ ರೇಟು ಕೊಟ್ಟ ಅಂತ ಖುಷಿಪಟ್ಟಿದ್ದೆ ಬೇರೆ.

ಮ್ಯೂಸಿಯಂನಿಂದ ಹೊರಗೆ ಬಂದು ಅವ್ವನಿಗೆ ಫೋನ್ ಮಾಡಿದೆ. ಕಣದಲ್ಲಿ ರಾಗಿ ಅಳೆಯುವಾಗ ಹೆಂಗೆ ಎಣಿಸ್ತಿದ್ರಿ? ಒಂದು, ಎರಡು ಅಂತಾನಾ?

"ಒಂದು ಅಂತ ಯಾರ್ಲಾ ಅಂತಾರೆ? ಮೊದಲನೇ ಕೊಳಗಕ್ಕೆ 'ಲಾಭ' ಅನ್ಬೇಕು. ಆಮೇಲೆ ಎರಡು, ಮೂರು. ನಿಮ್ಮಜ್ಜ ಅಳೀವಾಗ ಮಾತಾಡೋ ಹಂಗಿರ್ಲಿಲ್ಲ. ರಾಶಿಗೆ ಪೂಜೆ ಮಾಡಿ, ಚಪ್ಪಲಿ ಬಿಟ್ಟು ಕಣಕ್ಕಿಳೀಬೇಕಿತ್ತು."

ಪಾರ್ಕಿಂಗ್‌ನಲ್ಲಿ ನಿಂತುಕೊಂಡೇ ಫೋನಿನ ನೋಟ್ಸಲ್ಲಿ ಅಷ್ಟನ್ನೂ ಟೈಪ್ ಮಾಡಿಕೊಂಡೆ. ನಮ್ಮ ಕೊಳಗ ಮಾಡಿದ್ದು ಯಾರು ಅಂತಲೂ ಕೇಳಿದೆ. ಪಕ್ಕದೂರಿನ ಆಚಾರಿ ಅಂದಳು, ಹೆಸರು ನೆನಪಿಲ್ಲ, ದೊಡ್ಡಪ್ಪನಿಗೆ ಗೊತ್ತಿರಬಹುದು ಅಂದಳು.

ಆಮೇಲೆ ಅವಳದೇ ಪ್ರಶ್ನೆ: "ಅಲ್ಲಿರೋ ಕೊಳಗ ಯಾವೂರಿಂದಂತೆ?"

ನೋಡಿಕೊಂಡು ಬಂದಿರಲಿಲ್ಲ. ಬರೋ ಶನಿವಾರ ಮತ್ತೆ ಹೋಗಬೇಕು. ಅದಕ್ಕೂ ಮೊದಲು ದೊಡ್ಡಪ್ಪನಿಗೆ ಫೋನ್ ಮಾಡಬೇಕು, ಅವರಿಗೀಗ ಎಂಬತ್ತೆರಡು.